ಪಾಪರ್ ಹಾಕುವ ಮೊದಲು ಯಾವ ವಕೀಲರ ಹತ್ತಿರ ಹೋಗಬೇಕು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು, ವಯಸ್ಸು 47. ಟೈಲ್ಸ್, ಸಿಮೆಂಟಿನ ಅಂಗಡಿ ಇತ್ತು. ನಷ್ಟವಾಗಿ ಕಳೆದ ಮಳೆಗಾಲದಲ್ಲಿ ಮುಚ್ಚಿದೆ. ಮನೆ ಇರುವ 30 ಸೆಂಟ್ಸ್ ಜಾಗ ಅಡವಿಟ್ಟು ಸಹಕಾರಿ ಬ್ಯಾಂಕಿನಿಂದ ತೆಗೆದ ಸಾಲ ಬಡ್ಡಿ ಸೇರಿ 14 ಲಕ್ಷ ಆಗಿದೆ. ಅದಕ್ಕೆ ಭಾವ ಜಾಮೀನು ಹಾಕಿದ್ದಾರೆ. ಮಂಗಳೂರಿನ ಒಂದು ಫೈನಾನ್ಸಿಗೆ 5 ಲಕ್ಷ ಕೊಡಬೇಕು. ನನ್ನ ಸಹಿ ಇರುವ ಚೆಕ್ ಅವರ ಹತ್ತಿರ ಇದೆ. ನೆಂಟರಿಗೆ, ಡೀಲರುಗಳಿಗೆ ಕೊಡಬೇಕಾದದ್ದು 8 ಲಕ್ಷ. ಒಂದು ಎಕರೆ ಅಡಿಕೆ ತೋಟ ನನ್ನ ಹೆಸರಲ್ಲಿದೆ, ಅದಕ್ಕೆ ಅಡವಿಲ್ಲ. ಪೇಟೆಯಲ್ಲಿ ಒಬ್ಬರು 'ತೋಟ ಹೆಂಡತಿ ಹೆಸರಿಗೆ ಮಾಡಿ ಪಾಪರ್ ಹಾಕು' (ಅಂದರೆ ದಿವಾಳಿ ಅರ್ಜಿ ಹಾಕು) ಅಂದರು. ಒಬ್ಬ ವಕೀಲರು ಕಾಗದ ನೋಡದೆಯೇ '60 ಸಾವಿರ ಕೊಡಿ, ಮೂರು ತಿಂಗಳಲ್ಲಿ ಎಲ್ಲಾ ಸಾಲ ಮನ್ನಾ ಮಾಡಿಸಿಕೊಡುತ್ತೇನೆ' ಅಂದರು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಂಗಳೂರಿನ ವಕೀಲರನ್ನು ಹಿಡಿಯುವುದೇ ಒಳ್ಳೆಯದೋ? ಎರಡು ರಿಜಿಸ್ಟರ್ಡ್ ಲಕೋಟೆ ಬಂದಿವೆ, ಇನ್ನೂ ಒಡೆದಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಓದುತ್ತಿರುವುದನ್ನು ಇಲ್ಲಿಗೇ ನಿಲ್ಲಿಸಿ, ಆ ಎರಡು ಲಕೋಟೆ ಒಡೆಯಿರಿ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಮುಳ್ಳೇರಿಯ ಕಡೆಯಿಂದ ಒಬ್ಬರು ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಜವಳಿ ಅಂಗಡಿಯ ಹಳದಿ ಚೀಲ. ಅದರೊಳಗೆ ಎಲ್ಲಾ ಕಾಗದ. ಮೇಜಿನ ಮೇಲೆ ಸುರಿದರು. ಪಾಸ್‌ಬುಕ್, ಚೀಟಿಯ ರಶೀದಿ, ಕರೆಂಟ್ ಬಿಲ್ಲು, ಮಧ್ಯದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಮೂರು ಲಕೋಟೆ. ಒಡೆದಿರಲಿಲ್ಲ. 'ಧೈರ್ಯ ಬರಲಿಲ್ಲ ಸಾರ್' ಅಂದರು. ಒಂದರಲ್ಲಿ ಚೆಕ್ ಬೌನ್ಸ್ ನೋಟಿಸ್ ಇತ್ತು. ಕೈಗೆ ಬಂದ ದಿನದಿಂದ 15 ದಿನದೊಳಗೆ ಹಣ ಕಟ್ಟಿದ್ದರೆ ಕೇಸೇ ಆಗುತ್ತಿರಲಿಲ್ಲ. ಚೆಕ್ಕಿನ ಮೊತ್ತ 80 ಸಾವಿರ, ಅವರ ತಮ್ಮ ಕೊಡಲು ತಯಾರಿದ್ದರು. ಆದರೆ 15 ದಿನ ಕಳೆದು ನಾಲ್ಕು ದಿನ ಆಗಿತ್ತು. ಕೊನೆಗೆ ರಾಜಿಯೇ ಆಯಿತು. ಆದರೆ ಎರಡು ವರ್ಷ ಕೋರ್ಟಿಗೆ ಅಲೆದ ಮೇಲೆ.

ನಿಮ್ಮ ಮಂಗಳೂರಿನ ಫೈನಾನ್ಸ್ ಚೆಕ್ ಹಾಕಿದ್ದರೆ ನಿಮಗೂ ಅದೇ ಲೆಕ್ಕ. ಚೆಕ್ ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಅವರು ನೋಟಿಸ್ ಕಳಿಸಬೇಕು. ನೋಟಿಸ್ ಸಿಕ್ಕಿದ ಮೇಲೆ ನಿಮಗೆ 15 ದಿನ. ಆಮೇಲೆ ಒಂದು ತಿಂಗಳೊಳಗೆ ಅವರು ಕೋರ್ಟಿಗೆ ಹೋಗಬಹುದು. ಇದು ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ದಿವಾಳಿ ಅರ್ಜಿ ಹಾಕಿದರೆ ಇದು ನಿಲ್ಲುವುದಿಲ್ಲ. ಈ ಒಂದು ವಿಷಯ ಪೇಟೆಯಲ್ಲಿ ಸಲಹೆ ಕೊಡುವವರು ಯಾರೂ ಹೇಳುವುದಿಲ್ಲ.

ಈಗ ಆ 60 ಸಾವಿರ. ಕೊಡಬೇಡಿ. ಜಾಸ್ತಿ ಆಯಿತು ಅಂತ ಹೇಳುತ್ತಿಲ್ಲ. ಕಾಗದ ನೋಡದೆ ಫೀಸು ಹೇಳಿದರಲ್ಲ, ಅದು ಸರಿಯಿಲ್ಲ. ಮೂರು ತಿಂಗಳಲ್ಲಿ ಎಲ್ಲಾ ಸಾಲ ಮನ್ನಾ ಮಾಡಿಸುವ ಕಾನೂನು ನಮ್ಮಲ್ಲಿ ಇಲ್ಲ. ದಿವಾಳಿ ಅರ್ಜಿ ಹಾಕಿದರೆ ಸಾಲ ಕೊಟ್ಟ ಪ್ರತಿಯೊಬ್ಬರಿಗೂ ತಿಳಿಸಬೇಕು. ಅವರ ತಕರಾರು ಕೇಳಬೇಕು. ಆಮೇಲೆ ಕೋರ್ಟು ನಿಮ್ಮನ್ನು ದಿವಾಳಿ ಎಂದು ಆದೇಶ ಮಾಡಬೇಕು, ಆಸ್ತಿ ರಿಸೀವರ್ (ಅದನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದವರು) ಕೈಗೆ ಹೋಗಬೇಕು, ಮಾರಿ ಹಂಚಬೇಕು. ಅದೆಲ್ಲ ಆದ ಮೇಲೆ ನೀವು ಸಾಲದಿಂದ ಬಿಡುಗಡೆಗೆ ಅರ್ಜಿ ಹಾಕಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ ಅದು.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ನಮ್ಮ ಕಡೆ 'ಪಾಪರ್' ಅನ್ನುವುದಕ್ಕೆ ಎರಡು ಅರ್ಥ ಓಡುತ್ತದೆ. ಕೋರ್ಟ್ ಫೀ ಕಟ್ಟಲು ಗತಿ ಇಲ್ಲದವರು ಫೀ ಇಲ್ಲದೆ ದಾವೆ ಹೂಡಲು ಅನುಮತಿ ಕೇಳುವುದು ಒಂದು. ಸಾಲ ತೀರಿಸಲು ಆಗದವರು ಹಾಕುವ ಇನ್ಸಾಲ್ವೆನ್ಸಿ ಪಿಟಿಷನ್ ಇನ್ನೊಂದು. ಕೋರ್ಟಿನಲ್ಲಿ ಇದನ್ನು 'ಐಪಿ' ಅನ್ನುತ್ತಾರೆ. ನಿಮಗೆ ಬೇಕಾದದ್ದು ಇದು, ಬೇಕಾದರೆ. ವಕೀಲರ ಹತ್ತಿರ 'ಪಾಪರ್' ಅನ್ನುವ ಬದಲು 'ಐಪಿ' ಅಂತಲೇ ಹೇಳಿ.

ಈ ಪದವೇ ಒಳ್ಳೆಯ ಪರೀಕ್ಷೆ. ಕುಳಿತ ಕೂಡಲೇ ಕೇಳಿ: 'ಸರ್, ನನ್ನ ಅರ್ಜಿ ಯಾವ ಕಾನೂನಿನ ಕೆಳಗೆ, ಯಾವ ಕೋರ್ಟಿನಲ್ಲಿ?' 2016ರ ಹೊಸ ದಿವಾಳಿ ಸಂಹಿತೆಯಲ್ಲಿ (ಐಬಿಸಿ) ವ್ಯಕ್ತಿಗಳಿಗೂ ಒಂದು ಭಾಗ ಇದೆ. ಆದರೆ ಆ ಭಾಗ ಜಾರಿಗೆ ಬಂದದ್ದು 2019ರ ಡಿಸೆಂಬರ್ 1ರಿಂದ, ಅದೂ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನಿಮ್ಮಂತೆ ಸ್ವಂತ ಅಂಗಡಿ ನಡೆಸಿದವರು ಇವತ್ತಿಗೂ ಹಳೆಯ ಇನ್ಸಾಲ್ವೆನ್ಸಿ ಕಾನೂನಿನ ಕೆಳಗೇ ಸಿವಿಲ್ ಕೋರ್ಟಿಗೆ ಹೋಗಬೇಕು. ಎಷ್ಟು ಹಳೆಯದು ಅಂದರೆ, 1920ರ ಕೇಂದ್ರ ಕಾಯ್ದೆಯಲ್ಲಿ ಅರ್ಜಿ ಹಾಕಲು ಸಾಲ 500 ರೂಪಾಯಿ ಇದ್ದರೆ ಸಾಕು ಅಂತ ಬರೆದಿತ್ತು! 'ಹೊಸ ಐಬಿಸಿ ಬಂದಿದೆ, ಕಂಪನಿ ಕೇಸುಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹಾಕೋಣ' ಅಂತ ಯಾರಾದರೂ ಹೇಳಿದರೆ ಅವರು ಈ ಕೆಲಸ ಮಾಡಿದವರಲ್ಲ. ವಂದಿಸಿ ಎದ್ದು ಬನ್ನಿ. 'ಇಂಥ ಅರ್ಜಿ ಈಚೆಗೆ ಹೆಚ್ಚು ಬರುವುದಿಲ್ಲ, ನಾನು ಒಂದೆರಡೇ ಮಾಡಿದ್ದೇನೆ, ಸೆಕ್ಷನ್ ನೋಡಿ ಹೇಳುತ್ತೇನೆ' ಅಂದರೆ ನನಗೆ ಅವರ ಮೇಲೆ ನಂಬಿಕೆ ಬರುತ್ತದೆ. ಐಪಿಯಲ್ಲೇ ಪರಿಣತರು ಬೇಕು ಅಂತ ಹುಡುಕುತ್ತಾ ದಿನ ಕಳೆಯಬೇಡಿ. ಸಿವಿಲ್ ಕಡೆ, ಅದರಲ್ಲೂ ಜಪ್ತಿ ಮತ್ತು ಅಮಲ್ಜಾರಿ (ತೀರ್ಪು ಜಾರಿ ಮಾಡಿಸುವ) ಅರ್ಜಿಗಳಲ್ಲಿ ಕೈ ಪಳಗಿದವರು ಸಾಕು.

ವಕೀಲರು ನಿಮ್ಮನ್ನು ಏನು ಕೇಳುತ್ತಾರೆ, ಅದನ್ನು ಗಮನಿಸಿ. ಒಳ್ಳೆಯ ವಕೀಲರು ಮೊದಲ ದಿನ ನಿಮಗೆ ಮುಜುಗರ ಆಗುವಂಥದ್ದೇ ಕೇಳುತ್ತಾರೆ. ಕಳೆದ ಎರಡು ಮೂರು ವರ್ಷದಲ್ಲಿ ಯಾವ ಜಾಗ ಯಾರಿಗೆ ಕೊಟ್ಟಿರಿ? ಯಾವ ನೆಂಟರ ಸಾಲ ಮಾತ್ರ ಮೊದಲು ತೀರಿಸಿದಿರಿ? ಅಂಗಡಿಯ ಲೆಕ್ಕದ ಪುಸ್ತಕ ಎಲ್ಲಿ? ಹೆಂಡತಿಯ ಚಿನ್ನ ಅವರದೋ, ನೀವು ತೆಗೆದುಕೊಟ್ಟದ್ದೋ? ತಂದೆಯ ಆಸ್ತಿಯಲ್ಲಿ ಪಾಲು ಬರಲು ಬಾಕಿ ಇದೆಯೇ? ಹೀಗೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಇದೇ ಪ್ರಶ್ನೆಗಳನ್ನು ನಾಳೆ ಎದುರು ಪಕ್ಷದ ವಕೀಲರು ತುಂಬಿದ ಕೋರ್ಟಿನಲ್ಲಿ ಕೇಳುತ್ತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಮೊದಲೇ ಉತ್ತರ ಕೊಡುವುದು ವಾಸಿ ಅಲ್ವಾ?

ಹಾಗೆ ಕೇಳುವ ವಕೀಲರು 'ತೋಟ ಹೆಂಡತಿ ಹೆಸರಿಗೆ ಮಾಡಿ' ಅಂತ ಯಾವತ್ತೂ ಹೇಳುವುದಿಲ್ಲ. ಸಾಲ ಕೊಟ್ಟವರಿಗೆ ಸಿಗಬಾರದು ಅಂತ ಮಾಡಿದ ವರ್ಗಾವಣೆಯನ್ನು ರದ್ದು ಮಾಡಿಸಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ದಾರಿ ಇದೆ. ದಿವಾಳಿ ಕಾನೂನು ಇನ್ನೂ ಬಿಗಿ. ಕೇಂದ್ರದ ಕಾಯ್ದೆಯಲ್ಲಿ, ವರ್ಗಾವಣೆ ಮಾಡಿದ ಎರಡು ವರ್ಷದೊಳಗೆ ದಿವಾಳಿ ಆದರೆ ಹಣ ಪಡೆಯದೆ ಮಾಡಿದ ದಾನಪತ್ರ ರಿಸೀವರ್ ಮುಂದೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ, ಅಲ್ಲಿವರೆಗೆ ನೀವು ನಷ್ಟ ಹೊಂದಿದ ವ್ಯಾಪಾರಿ. ಆ ಒಂದು ಸಹಿಯಿಂದ ಕೋರ್ಟಿನ ಕಣ್ಣಿಗೆ ಮೋಸಗಾರ ಆಗುತ್ತೀರಿ. ಆಮೇಲೆ ಬಿಡುಗಡೆಯ ಆದೇಶ ಸಿಗುವುದೂ ಕಷ್ಟ. ಹೆಂಡತಿಯನ್ನೂ ಕೋರ್ಟಿಗೆ ಎಳೆದ ಹಾಗಾಗುತ್ತದೆ. ದಯವಿಟ್ಟು ಮಾಡಬೇಡಿ.

ಇನ್ನು, ನಿಮಗೆ ಐಪಿ ಬೇಕೇ ಎಂಬ ಪ್ರಶ್ನೆ. ನೀವು ಬರೆದದ್ದನ್ನು ನೋಡಿದರೆ ನನಗೆ ಸಂಶಯ ಇದೆ. ಒಟ್ಟು ಸಾಲ 27 ಲಕ್ಷ. ಅದರಲ್ಲಿ 14 ಲಕ್ಷಕ್ಕೆ ಜಾಗದ ಅಡವಿದೆ. ಅಡವು ಹಿಡಿದವರು ದಿವಾಳಿ ಕೋರ್ಟಿನ ಹೊರಗೇ ನಿಂತು ಆ ಜಾಗದ ಮೇಲೆ ವಸೂಲಿ ಮುಂದುವರಿಸಬಹುದು. ಅಂದರೆ ಐಪಿ ಹಾಕಿದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. ಉಳಿದ 13 ಲಕ್ಷಕ್ಕೆ ಒಂದು ಎಕರೆ ತೋಟ ಇದೆ. 'ಇವರಿಗೆ ತೀರಿಸುವ ಶಕ್ತಿ ಇದೆ, ದಿವಾಳಿ ಆದದ್ದು ಹೇಗೆ?' ಅಂತ ಫೈನಾನ್ಸಿನವರು ಕೇಳಿಯೇ ಕೇಳುತ್ತಾರೆ. ಕೋರ್ಟು ಅರ್ಜಿ ಒಪ್ಪಿದರೂ ತೋಟ ರಿಸೀವರ್ ಕೈಗೆ ಹೋಗಿ ಹರಾಜಾಗುತ್ತದೆ. ಹರಾಜಿನಲ್ಲಿ ಫಸಲು ಬಿಡುವ ಅಡಿಕೆ ತೋಟಕ್ಕೆ ಎಷ್ಟು ಬೆಲೆ ಬರುತ್ತದೆ ಅಂತ ನಿಮ್ಮ ಊರಿನವರನ್ನೇ ಕೇಳಿ ನೋಡಿ. ಅದಕ್ಕಿಂತ ನೀವೇ, ನ್ಯಾಯವಾದ ಮಾರ್ಕೆಟ್ ಬೆಲೆಗೆ, ಹಣ ಬ್ಯಾಂಕಿನ ಮೂಲಕವೇ ಬರುವ ಹಾಗೆ ಒಂದು ಭಾಗ ಮಾರಿ ಎಲ್ಲರ ಜೊತೆ ಮಾತಿಗೆ ಕೂರುವುದು ಒಳ್ಳೆಯದು. ನಿಮ್ಮ ವಕೀಲರು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಬೇಕು. 'ಐಪಿ ಹಾಕಿದರೆ ಇಷ್ಟು ಉಳಿಯುತ್ತದೆ, ಹಾಕದಿದ್ದರೆ ಇಷ್ಟು' ಅಂತ. ಬರೆದು ತೋರಿಸಲು ಒಪ್ಪದವರಿಗೆ ವಕಾಲತ್ತು ಕೊಡಬೇಡಿ.

ಐಪಿಯಿಂದ ಪ್ರಯೋಜನವೇ ಇಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ಆಸ್ತಿ ಏನೂ ಉಳಿಯದೆ, ಹತ್ತಾರು ಕಡೆ ಕೈಸಾಲ ಇದ್ದು, ದಿನಕ್ಕೊಂದು ಕೋರ್ಟಿಗೆ ಓಡುವವರಿಗೆ ಅದು ನಿಜವಾದ ಆಸರೆ. ದಿವಾಳಿ ಆದೇಶ ಆದ ಮೇಲೆ ಅಡವಿಲ್ಲದ ಸಾಲದವರು ಕೋರ್ಟಿನ ಅನುಮತಿ ಇಲ್ಲದೆ ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆ ಕೇಳಬಹುದು. ಬಿಡುಗಡೆ ಸಿಕ್ಕಿದರೆ ಹಳೆಯ ಸಾಲದ ಹೊರೆ ಇಳಿಯುತ್ತದೆ. ಸರ್ಕಾರದ ಬಾಕಿ, ಜೀವನಾಂಶ, ಮೋಸದಿಂದ ಆದ ಸಾಲ ಮಾತ್ರ ಉಳಿಯುತ್ತವೆ. ಆದರೆ ಅರ್ಜಿ ಹಾಕಿದ ಮರುದಿನವೇ ಎಲ್ಲಾ ನಿಲ್ಲುತ್ತದೆ ಅನ್ನುವುದು ಸುಳ್ಳು. ಪ್ರತಿ ತಡೆಗೂ ಕೋರ್ಟಿನ ಆದೇಶ ಬೇಕು.

ಬಂಧನದ ಹೆದರಿಕೆ ಹೆಚ್ಚಿನವರಿಗೆ ಇರುತ್ತದೆ, ನಿಮಗೂ ಇರಬಹುದು. ಸಿವಿಲ್ ಸಾಲ ಕಟ್ಟಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕುವಂತಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಜಾಲಿ ಜಾರ್ಜ್ ವರ್ಗೀಸ್ ಎಂಬ ಆ ಪ್ರಕರಣ ಕೇರಳದಿಂದಲೇ ಹೋದದ್ದು. ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲಿ ಮಾಡಿದವರು. ಕೊಡುವ ಶಕ್ತಿ ಇದ್ದೂ ಕೊಡದೆ ಆಟ ಆಡಿದರೆ ಮಾತ್ರ ಬಂಧನದ ಮಾತು.

ಮಂಗಳೂರಿನ ವಕೀಲರ ವಿಷಯಕ್ಕೆ ಬರುತ್ತೇನೆ. 2011ರಿಂದ ದೇಶದ ಯಾವ ವಕೀಲರೂ ಯಾವ ರಾಜ್ಯದ ಕೋರ್ಟಿನಲ್ಲೂ ನಿಲ್ಲಬಹುದು, ಕಾನೂನಿನ ಅಡ್ಡಿ ಇಲ್ಲ. ಆದರೆ ಐಪಿ ಹಾಕುವುದು ನೀವು ವಾಸ ಮಾಡುವ, ವ್ಯಾಪಾರ ಮಾಡಿದ ಊರಿನ ಕೋರ್ಟಿನಲ್ಲಿ. ಅಂದರೆ ಕಾಸರಗೋಡಿನಲ್ಲೇ. ಬ್ಯಾಂಕಿನ ಕಾಗದ, ಕುಡಿಕ್ಕಡ ಸರ್ಟಿಫಿಕೇಟು (ಜಾಗದ ಮೇಲಿನ ಅಡವು, ಋಣ ತೋರಿಸುವ ಪತ್ರ), ಗ್ರಾಮ ಕಚೇರಿಯ ದಾಖಲೆ ಎಲ್ಲಾ ಮಲಯಾಳದಲ್ಲಿ ಇರುತ್ತದೆ. ವಾಯಿದೆಗೆ ವಾಯಿದೆ ಮಂಗಳೂರಿನಿಂದ ಬರುವ ಖರ್ಚೂ ನಿಮ್ಮದೇ. ಹಾಗಾಗಿ ಮುಖ್ಯ ವಕೀಲರು ವಿದ್ಯಾನಗರದ ಕೋರ್ಟಿನಲ್ಲಿ ದಿನಾ ಇರುವವರಾಗಲಿ, ಕನ್ನಡ ಬಲ್ಲವರಾಗಲಿ. ಅಂಥವರಿಗೆ ಇಲ್ಲಿ ಕೊರತೆ ಇಲ್ಲ.

ಚೆಕ್ಕಿನ ಕೇಸು ಬೇರೆ. 2015ರಲ್ಲಿ ಕಾನೂನು ಬದಲಾದ ಮೇಲೆ, ಚೆಕ್ ಪಡೆದವರು ತಮ್ಮ ಖಾತೆಗೆ ಹಾಕಿದ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲಿ ಕೇಸು ನಡೆಯುತ್ತದೆ. ಫೈನಾನ್ಸಿನ ಖಾತೆ ಮಂಗಳೂರಿನಲ್ಲಿದ್ದರೆ ಸಮನ್ಸ್ ಬರುವುದು ಮಂಗಳೂರಿನಿಂದ. ಅದಕ್ಕೆ ಅಲ್ಲಿನ ವಕೀಲರೇ ಬೇಕು. ತಲಪಾಡಿಯ ಆಚೆ ಒಬ್ಬರು, ಈಚೆ ಒಬ್ಬರು. ಗಡಿಯಲ್ಲಿ ಬದುಕುವ ನಮಗೆ ಇದು ತಪ್ಪಿದ್ದಲ್ಲ. ಆದರೆ ಇಬ್ಬರೂ ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡುವ ಹಾಗೆ ನೋಡಿಕೊಳ್ಳಿ. ಅಲ್ಲಿ 'ಸಾಲವೇ ಇಲ್ಲ' ಅಂತ ವಾದಿಸಿ ಇಲ್ಲಿ ಐಪಿಯಲ್ಲಿ ಅದೇ ಸಾಲವನ್ನು ಪಟ್ಟಿಗೆ ಹಾಕಿದರೆ ಎರಡು ಕಡೆಯೂ ಕೆಡುತ್ತದೆ. ಇಂಥ ಎಡವಟ್ಟು ನಾನು ಕಣ್ಣಾರೆ ಕಂಡಿದ್ದೇನೆ.

ಭಾಷೆಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ದಿವಾಳಿ ಅರ್ಜಿಯ ಜೊತೆ ನಿಮ್ಮ ಎಲ್ಲಾ ಸಾಲದ, ಎಲ್ಲಾ ಆಸ್ತಿಯ ಪಟ್ಟಿ ಹೋಗುತ್ತದೆ. ಅದು ಸತ್ಯ ಅಂತ ನೀವೇ ಸಹಿ ಮಾಡುವುದು. ಒಂದು ಕೈಸಾಲ ಬಿಟ್ಟುಹೋದರೂ, ಒಂದು ತುಂಡು ಜಾಗ ಬಿಟ್ಟುಹೋದರೂ ಮುಚ್ಚಿಟ್ಟದ್ದು ಅಂತಾಗುತ್ತದೆ. ಪ್ರತಿ ಪುಟವನ್ನೂ ಕನ್ನಡದಲ್ಲಿ ಓದಿ ಹೇಳಲು ಕೇಳಿ. ವಕೀಲರಿಗೆ ಸಮಯ ಇಲ್ಲದಿದ್ದರೆ ಗುಮಾಸ್ತರು ಹೇಳಲಿ. ಒಂದು ಗಂಟೆಯ ಕೆಲಸ. ಪದಗಳೂ ಮೋಸ ಮಾಡುತ್ತವೆ. ಮಲಯಾಳದಲ್ಲಿ 'ವಿಧಿ' ಅಂದರೆ ತೀರ್ಪು. 'ವಿಧಿ ಬಂತು' ಅಂತ ಫೋನ್ ಬಂದಾಗ ಹಣೆಬರಹದ ಮಾತು ಅಂತ ತಿಳಿದು ಮೇಲ್ಮನವಿಯ ದಿನ ಕಳೆದುಕೊಂಡವರು ಇದ್ದಾರೆ. ಖಾಲಿ ಹಾಳೆಗೆ ಸಹಿ ಅಂತೂ ಬೇಡವೇ ಬೇಡ. ವಕಾಲತ್ತಿಗೂ ಅಷ್ಟೇ, ಕೇಸಿನ ವಿವರ ತುಂಬಿದ ಮೇಲೆ ಸಹಿ.

ಸಣ್ಣ ಊರಿನಲ್ಲಿ ಇನ್ನೊಂದು ತೊಡಕಿದೆ. ನೀವು ಹೋದ ವಕೀಲರು ಅದೇ ಸಹಕಾರಿ ಬ್ಯಾಂಕಿನ ಪ್ಯಾನೆಲ್ ವಕೀಲರಾಗಿರಬಹುದು. ಚೀಲ ಬಿಚ್ಚುವ ಮೊದಲೇ ನೇರವಾಗಿ ಕೇಳಿ: 'ನನಗೆ ಸಾಲ ಕೊಟ್ಟವರ ಪೈಕಿ ಯಾರ ಕೇಸಾದರೂ ನೀವು ನಡೆಸುತ್ತೀರಾ?' ಇದರಲ್ಲಿ ಸಂಕೋಚ ಬೇಡ. ಮರ್ಯಾದಸ್ಥ ವಕೀಲರು ತಾವೇ ಹೇಳಿ ಬೇರೆಯವರ ಹತ್ತಿರ ಕಳಿಸುತ್ತಾರೆ.

ಫೀಸನ್ನು ಹಂತ ಹಂತವಾಗಿ ಮಾತಾಡಿ. ಕಾಗದ ನೋಡಿ ಸಲಹೆ ಕೊಡಲು ಎಷ್ಟು, ಅರ್ಜಿ ತಯಾರಿಸಲು ಎಷ್ಟು, ವಿಚಾರಣೆಗೆ ಎಷ್ಟು, ಬಿಡುಗಡೆಯ ಅರ್ಜಿಗೆ ಎಷ್ಟು. ಕೋರ್ಟ್ ಫೀ, ನೋಟಿಸು, ಪೇಪರ್ ಪ್ರಕಟಣೆಯ ಖರ್ಚು ಬೇರೆ. ರಶೀದಿ ಕೇಳಿ. 'ಸಾಲ ಇಳಿಸಿದ್ದರಲ್ಲಿ ನನಗೆ ಇಷ್ಟು ಪರ್ಸೆಂಟ್' ಅನ್ನುವುದು ವಕೀಲರ ನಿಯಮಕ್ಕೆ ವಿರುದ್ಧ. ಅರ್ಜಿ ಹಾಕಿದ ಮೇಲೆ ಕೇಸನ್ನು ಗುರುತಿಸುವ 16 ಅಕ್ಷರದ ಸಿಎನ್‌ಆರ್ ನಂಬರ್ ತೆಗೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ವಾಯಿದೆ ನಿಮಗೇ ಕಾಣುತ್ತದೆ. ನಂಬರ್ ಕೊಡದೆ 'ನಡೀತಾ ಇದೆ, ನಡೀತಾ ಇದೆ' ಅನ್ನುವವರಿದ್ದರೆ ವಕೀಲರನ್ನು ಬದಲಿಸಬಹುದು. ಫೀಸು ಬಾಕಿ ಅಂತ ನಿಮ್ಮ ಫೈಲು ಹಿಡಿದಿಡುವ ಹಕ್ಕು ವಕೀಲರಿಗಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟೇ ಹೇಳಿದ ಮಾತು ಇದು.

ಫೀಸಿಗೆ ಹಣವೇ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆ ಮಿತಿ ಇಲ್ಲ. ಅಲ್ಲಿಂದಲೇ ಬ್ಯಾಂಕಿನ ಸಾಲವನ್ನು ಲೋಕ ಅದಾಲತ್ತಿಗೆ ಹಾಕಿಸುವ ದಾರಿಯೂ ಇದೆ. ನಿಮ್ಮ ಕೇಸಿನಲ್ಲಿ ನಾನು ಮೊದಲು ಪ್ರಯತ್ನಿಸುವುದು ಅದನ್ನೇ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಕಟ್ಟಲು ಆಗುವ ಕಂತಿಗೆ ಮಾತ್ರ ಒಪ್ಪಿ. ತೋಟದ ಆದಾಯ ಇರುವುದರಿಂದ, ಕೇರಳದ ಕೃಷಿಕರ ಸಾಲ ಪರಿಹಾರ ಆಯೋಗಕ್ಕೆ ಅರ್ಜಿ ಹಾಕಲು ನೀವು ಅರ್ಹರೇ ಅಂತಲೂ ವಿಚಾರಿಸಿ. ಸಹಕಾರಿ ಸಾಲಗಳು ಅವರ ವ್ಯಾಪ್ತಿಗೆ ಬರುತ್ತವೆ. ಇನ್ನೊಂದು ಲಕೋಟೆ ಬ್ಯಾಂಕಿನ 60 ದಿನದ ಸರ್ಫೇಸಿ ನೋಟಿಸ್ (ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳುವ ಕಾನೂನಿನದು) ಆಗಿದ್ದರೆ ಉತ್ತರ ಬರೆಯುವ ಅವಕಾಶ ಇದೆ. ಜಾಗ ವಶಕ್ಕೆ ತೆಗೆದುಕೊಳ್ಳಲು ಹೊರಟರೆ 45 ದಿನದೊಳಗೆ ಎರ್ನಾಕುಳಂನ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. ಸಹಕಾರಿ ಕಾಯ್ದೆಯ ಆರ್ಬಿಟ್ರೇಶನ್ (ಮಧ್ಯಸ್ಥಿಕೆ) ನೋಟಿಸ್ ಆಗಿದ್ದರೆ ದಾರಿಯೇ ಬೇರೆ. ಲಕೋಟೆ ನೋಡಿದ ಕೂಡಲೇ ಯಾವುದು ಅಂತ ವಕೀಲರಿಗೆ ತಿಳಿಯಬೇಕು.

ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಅದನ್ನು ಸಣ್ಣದು ಅಂತ ನಾನು ತಿಳಿಯುವುದಿಲ್ಲ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದೇ ಸೇವೆ, ದುಡ್ಡು ಕೊಡಬೇಕಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮಾಡಿದರೆ ಸಮಯ ಬರೆದಿಟ್ಟುಕೊಂಡು ವಕೀಲರಿಗೆ ಕೊಡಿ.

ಕೊನೆಗೆ ಭಾವನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಅವರ ಹೆಸರು ಒಂದೇ ಸಾಲಿನಲ್ಲಿ ಬಂದುಹೋಯಿತು. ಆದರೆ ನೀವು ದಿವಾಳಿ ಆದರೂ, ನಿಮಗೆ ಬಿಡುಗಡೆ ಸಿಕ್ಕಿದರೂ, ಜಾಮೀನುದಾರರು ಬಿಡುಗಡೆ ಆಗುವುದಿಲ್ಲ. ಬ್ಯಾಂಕು ಪೂರ್ತಿ ಬಾಕಿಗೆ ಅವರ ಮನೆ ಬಾಗಿಲಿಗೆ ಹೋಗಬಹುದು. ಪೇಟೆಯವರು ಹೇಳಿ ಅವರಿಗೆ ತಿಳಿಯುವ ಬದಲು ನೀವೇ ಹೇಳಿ. ವಕೀಲರ ಹತ್ತಿರ ಹೋಗುವ ಮೊದಲ ದಿನವೇ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಬೇರೆ ವಕೀಲರು ಬೇಕು ಅಂತ ನಿಮ್ಮ ವಕೀಲರು ಹೇಳಿದರೆ ತಪ್ಪು ತಿಳಿಯಬೇಡಿ, ಅದು ಅವರ ಒಳ್ಳೆಯದಕ್ಕೇ.